ಅಂಗಳದಲ್ಲಿ ನಿಂತ ಫಿಯಟ್

ಬಸವನಗುಡಿ, ಮಲ್ಲೇಶ್ವರಗಳಂಥ ಹಳೆಯ ಬಡಾವಣೆಗಳ ಒಳಬೀದಿಗಳಲ್ಲಿ ಬೆಳಗಿನ ಹೊತ್ತು ತಿರುಗಾಡಲು ಹೊರಟವರ ಕಣ್ಣಿಗೆ ಇಂದಿಗೂ ಒಂದು ದೃಶ್ಯ ಆಗಾಗ ಬೀಳುವುದುಂಟು. ಕಾಂಪೌಂಡಿನ ಮೂಲೆಯಲ್ಲಿ, ಮಾವಿನ ಮರದ ನೆರಳಿನಲ್ಲಿ, ಬಣ್ಣ ಮಾಸಿದ ಹೊದಿಕೆ ಹೊದ್ದು ಒಂದು ಕಾರು ನಿಂತಿರುತ್ತದೆ. ಅದರ ಚಕ್ರಗಳಲ್ಲಿ ಗಾಳಿ ಇರುವುದಿಲ್ಲ. ಮೇಲೆ ಒಣಗಿದ ಎಲೆಗಳ ಹಾಸಿಗೆ. ಅಡಿಯಲ್ಲಿ ಬೀದಿಬೆಕ್ಕಿನ ಸಂಸಾರ. ಗುಜರಿಯವನು ತಿಂಗಳಿಗೊಮ್ಮೆ ಗೇಟಿನ ಬಳಿ ನಿಂತು ಬೆಲೆ ಕೇಳುತ್ತಾನೆ. ಮನೆಯವರು ತಿಂಗಳಿಗೊಮ್ಮೆ ಇಲ್ಲವೆನ್ನುತ್ತಾರೆ. ಮಾರಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ. ಹೀಗೆಯೇ ವರ್ಷಗಳು ಉರುಳುತ್ತವೆ.

ಬಸವನಗುಡಿಯ ಅಂಥ ಒಂದು ಮನೆಯಲ್ಲಿ ನಿಂತಿರುವುದು 1965ರ ಫಿಯಟ್ 1100. ‘ಡಿಲೈಟ್’ ಎಂದು ಜನ ಕರೆಯುತ್ತಿದ್ದ ಮಾದರಿ ಇದೇ. ಈಗಿನ ಯಜಮಾನರು ನಿವೃತ್ತರು. ಕಾರನ್ನು ಕೊಂಡವರು ಅವರ ತಂದೆ. ಕಾರು ಬೇಕೆಂದವರು ಹೆಸರು ಬರೆಯಿಸಿ, ಹಣ ಕಟ್ಟಿ, ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವದು. ಮನೆಗೆ ಮಗಳು ಹುಟ್ಟಿದಾಗ ಹೆಸರು ಬರೆಯಿಸಿದರೆ ಅವಳು ಶಾಲೆಗೆ ಹೊರಡುವ ಹೊತ್ತಿಗೆ ಕಾರು ಬರುತ್ತದೆಂದು ಆ ಕಾಲದವರು ನಗೆಯಾಡುತ್ತಿದ್ದರು. ಹಾಗೆ ಕಾದು ಪಡೆದ ವಸ್ತುವನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವುದು ಸುಲಭದ ಮಾತಲ್ಲ.

ಈ ಕಾರಿನ ವಂಶವೂ ಸಾಮಾನ್ಯವಾದುದಲ್ಲ. ಇಟಲಿಯ ಫಿಯಟ್ ಸಂಸ್ಥೆ 1100-103 ಎಂಬ ಮಾದರಿಯನ್ನು ಹೊರತಂದದ್ದು 1953ರಲ್ಲಿ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಅದನ್ನು ಮುಂಬಯಿಯ ಕುರ್ಲಾದಲ್ಲಿ ಜೋಡಿಸತೊಡಗಿತು. ‘ಡಿಲೈಟ್’ ಬಂದದ್ದು 1964ರಲ್ಲಿ. 1970ರ ದಶಕದಲ್ಲಿ ಅದೇ ಕಾರು ಮೊದಲು ‘ಪ್ರೆಸಿಡೆಂಟ್’ ಆಯಿತು, ಆಮೇಲೆ ‘ಪದ್ಮಿನಿ’ ಆಯಿತು. ಹೆಸರು ಬದಲಾದರೂ ಮೈಕಟ್ಟು ಹೆಚ್ಚು ಬದಲಾಗಲಿಲ್ಲ. ಮುಂಬಯಿಯ ಬೀದಿಗಳಿಂದ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ವಿದಾಯ ಹೇಳಿದ್ದು 2023ರ ಅಕ್ಟೋಬರಿನಲ್ಲಿ.

ಬಸವನಗುಡಿಯ ಯಜಮಾನರಿಗೆ ಆಷಾಢದ ಒಂದು ಮಧ್ಯಾಹ್ನ ಉತ್ಸಾಹ ಹುಟ್ಟಿತು. ಆಯುಧಪೂಜೆಗೆ ಮೂರು ತಿಂಗಳಿತ್ತು. “ಮಾವನವರ ಕಾರಿಗೆ ಈ ಸಲವಾದರೂ ಒಂದು ಹಾರ ಬೀಳಲಿ” ಎಂದು ಮನೆಯಾಕೆ ಹೇಳಿದ ಒಂದು ಮಾತೇ ಅದಕ್ಕೆ ಕಾರಣ. ವಿಚಾರಿಸಿದಾಗ ಬಣ್ಣದ ಅಂಗಡಿಯವನೊಬ್ಬ, ತೂತಿದ್ದಲ್ಲಿ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದು ಹದಿನೈದು ದಿನದಲ್ಲಿ ಕನ್ನಡಿಯಂತೆ ಮಾಡಿಕೊಡುವುದಾಗಿ ಹೇಳಿದ. ಹಾಗೆ ಮಾಡಿಸಿಬಿಟ್ಟಿದ್ದರೆ ಕಾರಿಗೆ ಹಾರವೂ ಬೀಳುತ್ತಿತ್ತು, ಫೋಟೋವೂ ಆಗುತ್ತಿತ್ತು. ಅದರೊಳಗೆ ಕುಳಿತವರ ಗತಿಯೇನಾಗುತ್ತಿತ್ತೆಂಬುದು ಬೇರೆಯ ಮಾತು.

ಅದನ್ನು ತೋರಿಸಿಕೊಟ್ಟದ್ದು ಒಂದು ಅಯಸ್ಕಾಂತ. ಯಜಮಾನರು ಶಾಲೆಗೆ ಹೋಗುವ ಮೊಮ್ಮಗನ ಪೆಟ್ಟಿಗೆಯಿಂದ ಅದನ್ನು ತೆಗೆದು, ಬಣ್ಣಕ್ಕೆ ಗೀರು ಬೀಳದಂತೆ ತೆಳುವಾದ ಬಟ್ಟೆಯಲ್ಲಿ ಸುತ್ತಿ, ಕಾರಿನ ಮೈಮೇಲೆ ನಿಧಾನವಾಗಿ ಎಳೆಯುತ್ತಾ ಹೋದರು. ಛಾವಣಿಯ ಮೇಲೆ, ಬಾನೆಟ್ಟಿನ ಮೇಲೆ ಅದು ಗಟ್ಟಿಯಾಗಿ ಕಚ್ಚಿಕೊಂಡಿತು. ಬಾಗಿಲಿನ ಮಧ್ಯದಲ್ಲಿಯೂ ಕಚ್ಚಿತು. ಅಲ್ಲಿಂದ ಒಂದು ಗೇಣು ಕೆಳಕ್ಕೆ ಇಳಿದೊಡನೆ ಟಪ್ಪನೆ ನೆಲಕ್ಕೆ ಬಿದ್ದಿತು. ಹಿಂದಿನ ಚಕ್ರದ ಕಮಾನಿನ ಸುತ್ತ ಬಿದ್ದಿತು. ಬಾಗಿಲುಗಳ ಕೆಳಗೆ ಕಾರಿನ ಉದ್ದಕ್ಕೂ ಹಾಯುವ ಹೊಸ್ತಿಲಿನ ಮೇಲಂತೂ ಎಲ್ಲಿ ಇಟ್ಟರೂ ನಿಲ್ಲಲಿಲ್ಲ. ಎಂದೋ ಒಮ್ಮೆ ಬಣ್ಣ ಹೊಡೆಸಿದಾಗ ಕಬ್ಬಿಣವಿರಬೇಕಾದ ಕಡೆಯಲ್ಲೆಲ್ಲ ಪುಟ್ಟಿ ಮೆತ್ತಿ ಹೋಗಿದ್ದರು. ಒಳಗೆ ರಬ್ಬರ್ ಹಾಸನ್ನು ಎತ್ತಿ, ನೆಲದ ತಗಡಿನ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಬಡಿದರೆ ಕೆಲವೆಡೆ ಠಣ್ ಎಂದಿತು, ಕೆಲವೆಡೆ ಒದ್ದೆ ರಟ್ಟಿನಂತೆ ಸದ್ದು ಮಾಡಿತು. ಆ ರಟ್ಟಿನ ಜಾಗದಲ್ಲಿ ತುದಿಯಿಂದ ಒತ್ತಿದಾಗ ಸ್ಕ್ರೂಡ್ರೈವರು ಅಂಗಳದ ಮಣ್ಣನ್ನು ಮುಟ್ಟಿತು.

ತುಕ್ಕು ಹೊರಗಿನಿಂದ ಒಳಕ್ಕೆ ಹೋಗುವುದೆಂದು ಜನ ತಿಳಿಯುತ್ತಾರೆ. ಕಾರಿನಲ್ಲಿ ಅನೇಕ ವೇಳೆ ನಡೆಯುವುದು ಇದಕ್ಕೆ ವಿರುದ್ಧ. ಕಬ್ಬಿಣಕ್ಕೆ ನೀರು ಮತ್ತು ಗಾಳಿಯಲ್ಲಿನ ಆಮ್ಲಜನಕ ಎರಡೂ ಒಟ್ಟಿಗೆ ಸಿಕ್ಕಬೇಕು. ಸಿಕ್ಕಿತೆಂದರೆ ತುಕ್ಕಿಗೆ ಮತ್ತಾವ ಆಮಂತ್ರಣವೂ ಬೇಡ. ಬಾಗಿಲಿನ ಗಾಜಿನ ಅಂಚಿನಿಂದ ಮಳೆಯ ನೀರು ಬಾಗಿಲಿನೊಳಕ್ಕೆ ಇಳಿಯುವುದು ಸಹಜ. ಅದು ಹರಿದುಹೋಗಲೆಂದು ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಧೂಳೂ ಎಲೆಯ ಪುಡಿಯೂ ಸೇರಿ ಅವು ಮುಚ್ಚಿಹೋದರೆ ಬಾಗಿಲು ಒಂದು ಸಣ್ಣ ತೊಟ್ಟಿಯಾಗುತ್ತದೆ. ಮನೆಯ ಆಳು ದಿನವೂ ನಾಲ್ಕು ಬಿಂದಿಗೆ ನೀರೆರಚಿ ಕಾರು ತೊಳೆಯುತ್ತಿದ್ದುದನ್ನು ಅಕ್ಕಪಕ್ಕದವರು ಮೆಚ್ಚಿ ನೋಡುತ್ತಿದ್ದರಲ್ಲ, ಆ ನೀರಿನಲ್ಲಿಯೂ ಒಂದು ಪಾಲು ಈ ತೊಟ್ಟಿಗೇ ಸಂದಿತು. ಮಂಗಳೂರು, ಕಾರವಾರಗಳ ಕಡೆಯ ಕಾರಾದರೆ ಸಮುದ್ರದ ಉಪ್ಪುಗಾಳಿ ಇದೇ ಕೆಲಸವನ್ನು ಇನ್ನೂ ಬೇಗ ಮುಗಿಸುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತು. ಆದುದರಿಂದ ಉಬ್ಬಿ ಬಣ್ಣವನ್ನು ಒಳಗಿನಿಂದ ಮೇಲಕ್ಕೆತ್ತುತ್ತದೆ. ಹೊರಗೆ ತೊಗರಿಬೇಳೆಯಷ್ಟು ಗುಳ್ಳೆ ಕಂಡಿತೆಂದರೆ ಒಳಗೆ ನಿಂಬೆಹಣ್ಣಿನಷ್ಟು ತಗಡು ಹೋಗಿರಬಹುದು.

ಯಜಮಾನರು ಬಣ್ಣದವನನ್ನು ಬಿಟ್ಟು, ಎಪ್ಪತ್ತರ ಹತ್ತಿರದ ಒಬ್ಬ ಟಿಂಕರ್ ಮೇಸ್ತ್ರಿಯನ್ನು ಕರೆತಂದರು. ತಗಡಿನ ಕೆಲಸಕ್ಕೆ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಎಂದೇ ಹೆಸರು. ಮೇಸ್ತ್ರಿ ಕಾರಿನ ಸುತ್ತ ಒಮ್ಮೆ ಬಂದು, ಜ್ಯಾಕ್ ತರಿಸಿದರು. ಅದನ್ನು ಹೊಸ್ತಿಲಿಗೆ ಕೊಡದೆ, ಇನ್ನೂ ಗಟ್ಟಿಯಾಗಿದ್ದ ಒಂದು ಜಾಗವನ್ನು ಹುಡುಕಿ, ದಪ್ಪ ಹಲಗೆಯ ತುಂಡನ್ನು ಮಧ್ಯೆ ಇಟ್ಟು ಒಂದು ಬದಿಯನ್ನು ನಾಲ್ಕು ಬೆರಳು ಎತ್ತಿದರು.

“ಸ್ವಾಮಿ, ಈಗ ಬಾಗಿಲು ಹಾಕಿ ನೋಡಿ.”

ಮುಂಚೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಈಗ ಚೌಕಟ್ಟಿಗೆ ತಾಗಿ ನಿಂತಿತು.

“ಬೆನ್ನುಮೂಳೆ ಹೋಗಿದೆ ಸ್ವಾಮಿ. ಇದಕ್ಕೆ ಪುಟ್ಟಿ ಹಾಕುವುದೆಂದರೆ ಮುರಿದ ಕಾಲಿಗೆ ರೇಷ್ಮೆ ಪಂಚೆ ಉಡಿಸಿದ ಹಾಗೆ.”

ಮೇಸ್ತ್ರಿಯ ಮಾತಿನ ಅರ್ಥ ತಿಳಿಯಬೇಕಾದರೆ ಈ ಕಾರಿನ ಕಟ್ಟಡವನ್ನು ಸ್ವಲ್ಪ ನೋಡಬೇಕು. ಲಾರಿಗಳಿಗೂ ಬಹು ಹಳೆಯ ಕಾರುಗಳಿಗೂ ಉಕ್ಕಿನ ಚಾಸಿ ಎಂಬ ಅಡಿಗಟ್ಟು ಬೇರೆಯಾಗಿ ಇರುತ್ತದೆ. ಮೇಲಿನ ಮೈ ಅದರ ಮೇಲೆ ಕುಳಿತ ಪೆಟ್ಟಿಗೆ ಮಾತ್ರ. ಪೆಟ್ಟಿಗೆ ತುಕ್ಕು ಹಿಡಿದರೂ ಅಡಿಗಟ್ಟು ಭಾರ ಹೊರುತ್ತದೆ. 1100-103 ಹಾಗಲ್ಲ. ಅದಕ್ಕೆ ಪ್ರತ್ಯೇಕವಾದ ಚಾಸಿಯೇ ಇಲ್ಲ. ನೆಲದ ತಗಡು, ಹೊಸ್ತಿಲು, ಕಂಬಗಳು, ಛಾವಣಿ ಎಲ್ಲವೂ ಬೆಸೆದುಕೊಂಡು ಒಂದೇ ಗೂಡಾಗಿ ಭಾರ ಹೊರುತ್ತವೆ. ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಅಂಬಾಸಿಡರ್ ಕೂಡ ಇದೇ ಜಾತಿ. ಇಂಥ ಕಾರಿನಲ್ಲಿ ಬಾಗಿಲಿನ ಕೆಳಗಿನ ಹೊಸ್ತಿಲು ಅಲಂಕಾರದ ಪಟ್ಟಿಯಲ್ಲ, ತಗಡನ್ನು ಮಡಿಸಿ ಮಾಡಿದ ಟೊಳ್ಳು ತೊಲೆ. ಮುಂಭಾಗವನ್ನೂ ಹಿಂಭಾಗವನ್ನೂ ಬಾಗದಂತೆ ಹಿಡಿದಿರುವುದು ಮುಖ್ಯವಾಗಿ ಆ ಎರಡು ತೊಲೆಗಳು. ಪಕ್ಕದಿಂದ ಮತ್ತೊಂದು ವಾಹನ ಬಂದು ಬಡಿದರೆ ಒಳಗೆ ಕುಳಿತ ಮಗುವಿಗೂ ಆ ವಾಹನಕ್ಕೂ ನಡುವೆ ಇರುವುದು ಅದೇ. ಅಲ್ಲಿ ಉಕ್ಕಿಲ್ಲದೆ ಮೂರು ಬೆರಳು ದಪ್ಪದ ಪುಟ್ಟಿ ಇದ್ದು, ಅದರ ಮೇಲೆ ಕನ್ನಡಿಯಂಥ ಬಣ್ಣವಿದ್ದರೆ ನೋಡಿದವರಿಗೆ ಏನೂ ತಿಳಿಯದು. ಕಾರಿಗೆ ಮಾತ್ರ ತಿಳಿಯುತ್ತದೆ.

ಅಂದೇ ಕೆಲಸದ ಹಂಚಿಕೆಯಾಯಿತು. ಬಿಚ್ಚುವುದು, ಕೆರೆಯುವುದು, ತೊಳೆಯುವುದು, ಸಣ್ಣ ತುಕ್ಕು ತೆಗೆಯುವುದು, ಮೇಲುಮೇಲಿನ ತಗ್ಗು ಸರಿಪಡಿಸುವುದು ಮನೆಯವರ ಪಾಲು. ಬೆಸುಗೆ ಮೇಸ್ತ್ರಿಯ ಪಾಲು. ಮನೆಯಲ್ಲಿ ಹಳೆಯ ಕಾರನ್ನು ಕೈಗೆತ್ತಿಕೊಳ್ಳುವವರು ಮೊದಲ ದಿನವೇ ಮಾಡಿಕೊಳ್ಳಬೇಕಾದ ವಿವೇಕದ ಗೆರೆ ಇದು. ಎಲ್ಲವನ್ನೂ ತಾನೇ ಮಾಡುತ್ತೇನೆಂಬ ಹಟಕ್ಕೆ ಬಿದ್ದು ಬಿಚ್ಚಿದ ಕಾರುಗಳು ಎಷ್ಟೋ ಮನೆಗಳಲ್ಲಿ ಬಿಚ್ಚಿದಂತೆಯೇ ಉಳಿದಿವೆ.

ಬಿಚ್ಚುವ ಕೆಲಸಕ್ಕೆ ಶಕ್ತಿಗಿಂತ ನೆನಪು ಹೆಚ್ಚು ಬೇಕು. ಪ್ರತಿಯೊಂದನ್ನೂ ತೆಗೆಯುವ ಮುನ್ನ ಫೋಟೋ, ತೆಗೆದ ಮೇಲೆ ಅದರ ಸ್ಕ್ರೂಗಳಿಗೆ ಒಂದು ಡಬ್ಬಿ, ಡಬ್ಬಿಗೆ ಚೀಟಿ. ಚೀಟಿ ಬರೆಯುವ ಅಧಿಕಾರವನ್ನು ಮೊಮ್ಮಗ ವಹಿಸಿಕೊಂಡನು. ಹತ್ತು ದಿನದಲ್ಲಿ ಮನೆಯ ಉಪ್ಪಿನಕಾಯಿ ಜಾಡಿ, ಬಿಸ್ಕತ್ ಡಬ್ಬಿ, ಕಡೆಗೆ ಊದುಬತ್ತಿಯ ಕೊಳವೆಯೂ ಪಡಸಾಲೆಯಲ್ಲಿ ಸಾಲುಗಟ್ಟಿದವು. ಹಳೆಯ ಬಣ್ಣ ಕೆರೆಯುವಾಗ ಮಾತ್ರ ಅವನನ್ನು ಹತ್ತಿರ ಬಿಡಲಿಲ್ಲ. ಆ ಕಾಲದ ಬಣ್ಣಗಳಲ್ಲಿ ಸೀಸ ಇರಬಹುದು. ಒಣಗಿದ್ದಂತೆಯೇ ಉಜ್ಜಿದರೆ ಅದು ಧೂಳಾಗಿ ಉಸಿರಿಗೆ ಸೇರುತ್ತದೆ. ಮಕ್ಕಳಿಗೆ ಸೀಸ ಬಹಳ ಕೆಟ್ಟದ್ದು. ಆದುದರಿಂದ ನೀರು ಹಾಕಿ ವಾಟರ್ ಪೇಪರಿನಿಂದ ಉಜ್ಜಿ, ರೊಚ್ಚನ್ನು ಹಳೆಯ ಬಟ್ಟೆಯಿಂದ ಒರೆಸಿ ತೆಗೆದರು, ಪೊರಕೆಯಿಂದ ಗುಡಿಸಲಿಲ್ಲ.

ಬಾಗಿಲಿನ ಕೀಲು, ಬಂಪರಿನ ಕಬ್ಬಿಣದ ಕೈಗಳಂಥ ಸಣ್ಣ ಭಾಗಗಳ ತುಕ್ಕಿಗೆ ಯಜಮಾನರು ಹೂಡಿದ ಉಪಾಯ ಮನೆಯಲ್ಲಿ ಚಿಕ್ಕ ಪ್ರದರ್ಶನವೇ ಆಯಿತು. ಪ್ಲಾಸ್ಟಿಕ್ ಬಕೆಟಿನಲ್ಲಿ ನೀರು. ಅದಕ್ಕೆ ನಾಲ್ಕೈದು ಚಮಚ ವಾಷಿಂಗ್ ಸೋಡ. ತುಕ್ಕು ಹಿಡಿದ ಭಾಗವನ್ನು ನಡುವೆ ತೂಗುಬಿಟ್ಟು ಕಾರಿನ ಬ್ಯಾಟರಿ ಚಾರ್ಜರಿನ ಋಣ ತಂತಿಗೆ ಕಟ್ಟಿದರು. ಬೇಡದ ಒಂದು ಕಬ್ಬಿಣದ ಪಟ್ಟಿಯನ್ನು, ಅದಕ್ಕೆ ತಾಗದಂತೆ, ಧನ ತಂತಿಗೆ ಕಟ್ಟಿದರು. ವಿದ್ಯುತ್ತು ಹರಿದಂತೆ ಗುಳ್ಳೆಗಳೆದ್ದವು. ಮರುದಿನದ ಹೊತ್ತಿಗೆ ತುಕ್ಕು ಕಪ್ಪಾಗಿ ಸಡಿಲಗೊಂಡು ಬ್ರಷ್ಷಿನಿಂದ ತಿಕ್ಕಿದರೆ ಬಿಟ್ಟುಬಂದಿತು. ಒಳ್ಳೆಯ ಕಬ್ಬಿಣಕ್ಕೆ ಏನೂ ಆಗಲಿಲ್ಲ. ಆ ಗುಳ್ಳೆಗಳಲ್ಲಿ ಜಲಜನಕವಿರುವುದರಿಂದ ಈ ಬಕೆಟ್ಟು ಬಯಲಿನಲ್ಲಿಯೇ ಇರಬೇಕು, ದೇವರ ಮನೆಯ ದೀಪದಿಂದ ದೂರವಿರಬೇಕು. ಸ್ಟೇನ್‌ಲೆಸ್ ಸ್ಟೀಲಿನ ಚಮಚ, ತಟ್ಟೆಗಳನ್ನು ಪಟ್ಟಿಯಾಗಿ ಬಳಸಲೇಬಾರದು. ಅವುಗಳಲ್ಲಿನ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಬಟ್ಟೆ ನೆನೆಸುವ ಬಕೆಟ್ಟು ಶಾಶ್ವತವಾಗಿ ಕೈಬಿಟ್ಟದ್ದನ್ನು ಮನೆಯಾಕೆ ಇನ್ನೂ ಮರೆತಿಲ್ಲ.

ಹೊಸ್ತಿಲಿನ ಕೆಲಸಕ್ಕೆ ಮೇಸ್ತ್ರಿ ಬಂದದ್ದು ಶ್ರಾವಣದಲ್ಲಿ. ಮೊದಲು ಪೆಟ್ರೋಲ್ ಟ್ಯಾಂಕನ್ನು ಕಳಚಿ ಹಿತ್ತಲಿನ ಆ ತುದಿಗೆ ಕಳುಹಿಸಿದರು. “ಖಾಲಿ ಇದೆಯಲ್ಲ ಮೇಸ್ತ್ರಿ” ಎಂದು ಯಜಮಾನರು ಹೇಳಿದ್ದಕ್ಕೆ, “ಖಾಲಿಯದಕ್ಕೇ ಹೆದರಬೇಕು ಸ್ವಾಮಿ” ಎಂದರು. ಪೆಟ್ರೋಲ್ ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಎಡೆ ಕಡಿಮೆ; ಖಾಲಿಯಾದುದರಲ್ಲಿ ಆವಿಯೂ ಗಾಳಿಯೂ ಬೆರೆತು ಒಂದು ಕಿಡಿಗಾಗಿ ಕಾದಿರುತ್ತವೆ. ಬ್ಯಾಟರಿ, ಸೀಟು, ಹಾಸುಗಳೂ ಹೊರಗೆ ಹೋದವು. ಕಾರು ಮರದ ದಪ್ಪ ದಿಮ್ಮಿಗಳ ಮೇಲೆ ಸಮನಾಗಿ ಕುಳಿತಿತು. ಬರಿಯ ಜ್ಯಾಕಿನ ಆಧಾರದ ಮೇಲೆ ನಿಂತ ಕಾರಿನಡಿಗೆ ತಲೆ ಹಾಕಲು ಮೇಸ್ತ್ರಿ ಯಾರನ್ನೂ ಬಿಡಲಿಲ್ಲ, ತಾವೂ ಹಾಕಲಿಲ್ಲ.

ಆಮೇಲೆ ಅವರು ಮಾಡಿದ ಕೆಲಸವನ್ನು ಅವಸರದವರು ಮಾಡುವುದೇ ಇಲ್ಲ. ಬಾಗಿಲಿನ ಚೌಕಟ್ಟಿನೊಳಗೆ, ಮುಂದಿನ ಕಂಬದಿಂದ ನಡುವಿನ ಕಂಬಕ್ಕೆ, ಅಲ್ಲಿಂದ ಹಿಂದಕ್ಕೆ, ಕಬ್ಬಿಣದ ಆ್ಯಂಗಲ್ ತುಂಡುಗಳನ್ನು ತಾತ್ಕಾಲಿಕವಾಗಿ ಬೆಸೆದರು. ಹೊಸ್ತಿಲನ್ನು ಕತ್ತರಿಸಿದ ಮೇಲೆ ಗೂಡು ಒಂದು ಕೂದಲೆಳೆಯಷ್ಟೂ ಕುಸಿಯಬಾರದು. ಕುಸಿದ ಸ್ಥಿತಿಯಲ್ಲಿ ಹೊಸ ತಗಡನ್ನು ಬೆಸೆದರೆ ಆ ಡೊಂಕು ಅಲ್ಲಿಯೇ ಖಾಯಮಾಗುತ್ತದೆ. ಬಾಗಿಲು ಎಂದಿಗೂ ಸರಿಯಾಗಿ ಕೂರದು. ಎರಡು ಬದಿಗಳನ್ನು ಒಟ್ಟಿಗೆ ಕತ್ತರಿಸುವಂತೆಯೂ ಇಲ್ಲ. ಎಡಗಡೆ ಪೂರ್ತಿ ಮುಗಿದು ಬಾಗಿಲು ತೂಗುಹಾಕಿ ನೋಡಿದ ಮೇಲೆಯೇ ಬಲಗಡೆ.

ಕತ್ತರಿಸತೊಡಗಿದಾಗ ಯಜಮಾನರ ಎದೆ ಕುಸಿಯಿತು. ಒಂದು ಅಡಿ ಎಂದುಕೊಂಡದ್ದು ಮೂರು ಅಡಿಯಾಯಿತು. ಮೇಸ್ತ್ರಿ ನಿಲ್ಲಿಸಲಿಲ್ಲ. ತುಕ್ಕು ತಿಂದು ಕಾಗದದಂತಾದ ತಗಡಿಗೆ ಹೊಸ ತಗಡನ್ನು ಬೆಸೆದರೆ ಹಳೆಯದು ಕರಗಿ ತೂತಾಗುತ್ತದೆ; ಬಿಳಿಯಾದ ಗಟ್ಟಿ ಉಕ್ಕು ಸಿಕ್ಕುವವರೆಗೂ ಹಿಂದಕ್ಕೆ ಹೋಗಲೇಬೇಕು. ಒಂದು ಬುಟ್ಟಿ ತುಂಬ ಕೆಂಪು ಚೂರುಗಳು ಹೊರಬಿದ್ದವು. ಆ ಚೂರುಗಳ ನಡುವೆ ಗುಂಡಿಯೊಂದು, ಪುಟ್ಟ ಬಳೆಯ ತುಂಡೊಂದು ಸಿಕ್ಕಿತು. ಬಳೆ ಯಾರದೆಂದು ಮನೆಯಲ್ಲಿ ಸಂಜೆಯವರೆಗೂ ಚರ್ಚೆ ನಡೆಯಿತು.

ಹೊಸ ತೊಲೆಗೆ 20 ಗೇಜಿನ ತಗಡು, ಎಂದರೆ ಸುಮಾರು 0.9 ಮಿಲಿಮೀಟರು ದಪ್ಪ. ಕಾರಿನ ಇನ್ನೊಂದು ಬದಿಯಲ್ಲಿ ಚೆನ್ನಾಗಿದ್ದ ಭಾಗದಿಂದ ರಟ್ಟಿನಲ್ಲಿ ಅಚ್ಚು ತೆಗೆದು, ತಗಡನ್ನು ಕತ್ತರಿಸಿ, ಮರದ ಅಂಚಿನ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಮಡಿಸಿದರು. ಒಂದರ ಮೇಲೊಂದು ಬರುವ ಅಂಚುಗಳಿಗೆ ಮುಂಚಿತವಾಗಿ ಸತುವಿನ ಪ್ರೈಮರ್ ಬಳಿದರು. ಬೆಸೆದ ಮೇಲೆ ಅಲ್ಲಿಗೆ ಯಾವ ಬ್ರಷ್ಷೂ ತಲುಪುವುದಿಲ್ಲ. ತೆಳುವಾದ ತಗಡಿನ ಮೇಲೆ ಬೆಸುಗೆಯ ಗೆರೆಯನ್ನು ಒಂದೇ ಸಮನೆ ಎಳೆದರೆ ಕಾವಿಗೆ ಅದು ಹಪ್ಪಳದಂತೆ ಸೊಟ್ಟಗಾಗುತ್ತದೆ. ಆದುದರಿಂದ ಈ ತುದಿಯಲ್ಲಿ ಒಂದು ಚುಕ್ಕೆ, ಆ ತುದಿಯಲ್ಲಿ ಒಂದು, ನಡುವೆ ಒಂದು; ಆರಲು ಬಿಟ್ಟು ಮತ್ತೆ. ಎಡಗಡೆಗೆ ಆರು ದಿನ ಹಿಡಿಯಿತು. ಏಳನೆಯ ದಿನ ಆ್ಯಂಗಲ್ ತುಂಡುಗಳನ್ನು ಕಿತ್ತು ಬಾಗಿಲು ತೂಗುಹಾಕಿದರು. ಮೇಸ್ತ್ರಿ ಎರಡೇ ಬೆರಳಿನಿಂದ ತಳ್ಳಿದರು. ಬಾಗಿಲು ‘ಟಕ್’ ಎಂದು ಕುಳಿತಿತು. ಕಾಫಿ ತಂದ ಮನೆಯಾಕೆ ಆ ಸದ್ದು ಕೇಳಿ ಲೋಟ ಹಿಡಿದಂತೆಯೇ ನಿಂತರು. ಮಾವನವರು ಕಚೇರಿಯಿಂದ ಬಂದಾಗ ಕೇಳುತ್ತಿದ್ದ ಸದ್ದು ಅದು.

ಮೇಲಿನ ತಗ್ಗುಗಳ ಕೆಲಸ ಯಜಮಾನರದು. ತಗ್ಗಿನ ಒಳಗಡೆ ಡಾಲಿ ಎಂಬ ಉಕ್ಕಿನ ಗುಂಡನ್ನು ಆನಿಸಿ, ಹೊರಗಿನಿಂದ ಸುತ್ತಿಗೆಯ ಹಗುರವಾದ ಏಟು. ಅಂಚಿನಿಂದ ಆರಂಭಿಸಿ ನಡುವಿಗೆ ಬರಬೇಕು. ನಡುವಿಗೇ ಬಡಿದರೆ ತಗಡು ಹಿಗ್ಗಿ, ತಗ್ಗು ಹೋಗಿ ಗುಬ್ಬಟೆ ಬರುತ್ತದೆ. ಮೊದಲ ಮಡ್‌ಗಾರ್ಡಿಗೆ ಹಾಗೆಯೇ ಆಯಿತು. ಮೇಸ್ತ್ರಿ ಏನೂ ಹೇಳದೆ, ಹಿಗ್ಗಿದ ಜಾಗವನ್ನು ಜ್ವಾಲೆಯಿಂದ ನಾಲ್ಕಾಣೆ ನಾಣ್ಯದಷ್ಟು ಕೆಂಪಗೆ ಕಾಯಿಸಿ, ಒದ್ದೆ ಬಟ್ಟೆ ಒತ್ತಿ ಕುಗ್ಗಿಸಿಕೊಟ್ಟರು.

ಪುಟ್ಟಿಯನ್ನು ಇಷ್ಟು ಜರೆದ ಮೇಲೆ ಅದರ ನ್ಯಾಯವಾದ ಸ್ಥಾನವನ್ನೂ ಹೇಳಬೇಕು. ಸುತ್ತಿಗೆ ಮುಗಿಸಿದ ಮೇಲೆ ಉಳಿಯುವ ಸಣ್ಣ ಏರಿಳಿತಕ್ಕೆ, ಎರಡು ಮೂರು ಮಿಲಿಮೀಟರಿಗೆ ಮೀರದಂತೆ, ಗಟ್ಟಿ ತಗಡಿನ ಮೇಲೆ ಅದು ಬರಬಹುದು. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಬೆರೆಸಿದರೆ ಮುಂದೆ ಬಣ್ಣದ ಮೇಲೆ ಕಲೆಯಾಗಿ ಎದ್ದುಬರುತ್ತದೆ. ಪುಟ್ಟಿ ನೀರನ್ನು ಸ್ಪಂಜಿನಂತೆ ಹೀರುವುದರಿಂದ ಬಣ್ಣದಂತೆ ನೀರು ಹಾಕಿ ಉಜ್ಜುವಂತಿಲ್ಲ. ಮೂಗಿಗೆ ಮಾಸ್ಕ್ ಕಟ್ಟಿ ಒಣಗಿದಂತೆಯೇ ಉಜ್ಜಬೇಕು.

ಈ ಹೊತ್ತಿಗೆ ಭಾದ್ರಪದ ಬಂದಿತ್ತು. ಬೆಂಗಳೂರಿನಲ್ಲಿ ಸೆಪ್ಟೆಂಬರು ಬಹಳ ಮಳೆಯ ತಿಂಗಳು. ಮನೆಯಲ್ಲಿ ಮತ್ತೆ ಚರ್ಚೆ ಎದ್ದಿತು. ಹಬ್ಬಕ್ಕೆ ಬಣ್ಣವಾಗಬೇಕೆಂದು ಒಂದು ಪಕ್ಷ. ಮೇಸ್ತ್ರಿಯದು ಒಂಟಿ ಪಕ್ಷ. ಹಳೆಯ ಎನ್.ಸಿ. ಬಣ್ಣವನ್ನು ತೇವದ ಗಾಳಿಯಲ್ಲಿ ಹೊಡೆದರೆ, ಥಿನ್ನರ್ ಆರುವ ರಭಸಕ್ಕೆ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಇಳಿದು, ಬಣ್ಣ ಬೂಸಲು ಹಿಡಿದಂತೆ ಬಿಳಿಚಿಕೊಳ್ಳುತ್ತದೆ. ಈಗಿನ ಎರಡು ಡಬ್ಬಿಯ ಪಿ.ಯು. ಬಣ್ಣಕ್ಕೆ ಹೊಳಪು ಹೆಚ್ಚು, ಬಾಳಿಕೆಯೂ ಹೆಚ್ಚು. ಆದರೆ ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ವಸ್ತುವಿದೆ. ಮಂಜಿನಂತೆ ಸಿಂಪಡಿಸುವಾಗ ಅದನ್ನು ಉಸಿರಾಡಿದವರಿಗೆ ಆಸ್ತಮಾ ಹಿಡಿಯಬಹುದು. ಒಮ್ಮೆ ಹಿಡಿಯಿತೆಂದರೆ ಆಮೇಲೆ ಅದರ ಅಲ್ಪಾಂಶವೂ ಆಗದು. ಬಾಯಿಗೆ ಕಟ್ಟಿದ ಕರವಸ್ತ್ರವೂ ಧೂಳಿನ ಮಾಸ್ಕೂ ಅದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ಒದಗಿಸುವ ಮುಖವಾಡವೂ ಬೂತೂ ಬೇಕು. ಅಡಿಗೆಮನೆಯ ಕಿಟಕಿಯ ಕೆಳಗೆ ಮಾಡುವ ಕೆಲಸ ಅದಲ್ಲ. ಗ್ಯಾರೇಜುಗಳಲ್ಲಿ ಬರಿಮೂಗಿನಿಂದ ಅದನ್ನು ದಿನವೂ ಹೊಡೆಯುವ ಹುಡುಗರ ವಿಷಯದಲ್ಲಿ ಗಿರಾಕಿಗಳು ಒಮ್ಮೆಯಾದರೂ ವಿಚಾರಿಸುವುದು ಒಳ್ಳೆಯದು.

ಬಣ್ಣ ಯಾವುದಿರಬೇಕೆಂಬ ಪ್ರಶ್ನೆಯನ್ನು ಮಾತ್ರ ಕಾನೂನೇ ಅರ್ಧ ಬಗೆಹರಿಸಿತು. 50 ವರ್ಷ ಮೀರಿದ ಖಾಸಗಿ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿತು. ಅಂಥವುಗಳ ನಂಬರಿನಲ್ಲಿ ‘ವಿ.ಎ.’ ಎಂಬ ಅಕ್ಷರಗಳಿರುತ್ತವೆ. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿ, ಮೈಗೂಡು, ಇಂಜಿನ್ನುಗಳ ಮೂಲ ಸ್ವರೂಪ ಗಣನೀಯವಾಗಿ ಬದಲಾಗಿರಬಾರದು. ಪ್ರದರ್ಶನ, ರ್‍ಯಾಲಿಗಳಿಗೆ ಹೊರತು ನಿತ್ಯದ ಓಡಾಟಕ್ಕೆ ಅಂಥ ಕಾರನ್ನು ಬಳಸುವಂತಿಲ್ಲ. ವಿಂಟೇಜ್ ಆಗಬೇಕೋ, ಎಂದಿನ ನೋಂದಣಿಯನ್ನೇ ನವೀಕರಿಸಿಕೊಂಡು ತರಕಾರಿಗೆ ಹೋಗಬೇಕೋ ಎಂಬುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಏನಾದರಾಗಲಿ, ಆರ್.ಸಿ. ಪುಸ್ತಕದಲ್ಲಿರುವ ಬಣ್ಣವೇ ಇರಲೆಂದು ಒಪ್ಪಿಗೆಯಾಯಿತು. ಡ್ಯಾಶ್‌ಬೋರ್ಡಿನ ಹಿಂದೆ, ಎಂದೂ ಬಿಸಿಲು ಕಾಣದ ಅಂಗೈಯಗಲದ ಜಾಗದಲ್ಲಿ, 1965ರ ಆ ತಿಳಿನೀಲಿ ಹಾಗೆಯೇ ಉಳಿದುಕೊಂಡಿದೆ.

ಮಳೆ ಬಿಟ್ಟ ಎರಡು ದಿನ ನೋಡಿ ಮೇಸ್ತ್ರಿ ಬ್ರಷ್ಷಿನಿಂದ ಎಪಾಕ್ಸಿ ಪ್ರೈಮರ್ ಬಳಿದು ಹೋದರು. ಸಾಮಾನ್ಯ ಪ್ರೈಮರಿಗೆ ನೀರನ್ನು ತಡೆಯುವ ಗುಣ ಸಾಲದು. ಅದನ್ನು ಬಳಿದು ಮಳೆಗಾಲವಿಡೀ ಬಿಟ್ಟ ಕಾರಿನ ಮೈಮೇಲೆ ಬಣ್ಣಕ್ಕೆ ಮುಂಚೆಯೇ ತುಕ್ಕು ಮರಳಿ ಬಂದಿರುತ್ತದೆ. ಎಪಾಕ್ಸಿಯಾದರೆ ಪುಷ್ಯಮಾಸದ ಒಣಗಾಳಿಯವರೆಗೂ ತಾಳಬಲ್ಲದು.

ಆಯುಧಪೂಜೆಯ ದಿನ ಬೀದಿಯ ಕಾರುಗಳೆಲ್ಲ ಬಾಳೆಕಂದು ಕಟ್ಟಿಕೊಂಡು ಹೊಳೆಯುತ್ತಿದ್ದವು. ಈ ಮನೆಯ ಫಿಯಟ್ ಮಾತ್ರ ಬೂದುಬಣ್ಣದಲ್ಲಿ, ದೀಪವಿಲ್ಲದ ಕಣ್ಣುಗಳಿಂದ, ದಿಮ್ಮಿಗಳ ಮೇಲೆ ಕುಳಿತಿತ್ತು. ಮನೆಯಾಕೆ ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿದರು. ಮೇಸ್ತ್ರಿಯ ಸುತ್ತಿಗೆಗೂ ಡಾಲಿಗೂ ಅದೇ ತಟ್ಟೆಯಲ್ಲಿ ಪೂಜೆಯಾಯಿತು. ಚಕ್ರದ ಕೆಳಗಿಡಲು ನಿಂಬೆಹಣ್ಣು ತಂದ ಮೊಮ್ಮಗ ಚಕ್ರಗಳೇ ಇಲ್ಲದ್ದನ್ನು ಕಂಡು ತಬ್ಬಿಬ್ಬಾದ.

“ತಾತ, ಇದನ್ನು ಎಲ್ಲಿಡಲಿ?”

“ಹೊಸ್ತಿಲ ಮೇಲಿಡು” ಎಂದರು ತಾತ.

ಅವನು ಬಾಗಿಲು ತೆರೆದು, ಹೊಸ ತಗಡಿನ ಮೇಲೆ ನಾಲ್ಕು ನಿಂಬೆಹಣ್ಣುಗಳನ್ನೂ ಸಾಲಾಗಿ ಇಟ್ಟನು.